ಹಾರ್ಡ್‌ವೇರ್ ಕರ್ಸರ್ ಪ್ರೋಗ್ರಾಮಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿ ಹಳೇ ಕಂಪ್ಯೂಟರ್ ಬಿಚ್ಚಿ ಕೂರುವ ಕನ್ನಡದ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ಒಬ್ಬ ಡೊಂಬಿವಿಲಿಯವನು, ಇನ್ನೊಬ್ಬಳು ಮೀರಾ ರೋಡಿನವಳು. ಭಾನುವಾರ ಮಾಟುಂಗಾದಲ್ಲಿ ಸಿಕ್ಕಾಗ ಕೇಳುವುದು ಅವವೇ ಪ್ರಶ್ನೆಗಳು. ಕರ್ಸರ್ (ಪರದೆಯ ಮೌಸ್ ಬಾಣ, ಮಿಣುಕುವ ಗೆರೆ) ಬಗ್ಗೆ ಬಂದ ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಹಳೇ ವಿಜಿಎ (ಐಬಿಎಂನ ಡಿಸ್‌ಪ್ಲೇ ಮಾದರಿ) ಕಾಲದ ಕಾರ್ಡುಗಳದ್ದೂ ಇದೆ, ಈಗಿನ ಲಿನಕ್ಸ್‌ನದ್ದೂ ಇದೆ.

ಏನೇನು ಗೊತ್ತಿದ್ದರೆ ಇದು ಅರ್ಥವಾದೀತು?

ಸಿ ಭಾಷೆ ಸುಮಾರಾಗಿ ಬರಬೇಕು. ಬಿಟ್ ಶಿಫ್ಟ್, ಆಂಡ್, ಎಕ್ಸಾರ್ ಅಂದರೆ ಹೆದರಿಕೆ ಇರಬಾರದು. ಸಿ ಇನ್ನೂ ಕಲಿಯಬೇಕಾದವರಿಗೆ ಪೊವಾಯಿಯ ಐಐಟಿ ಬಾಂಬೆ ನಡೆಸುವ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದ ದನಿಯಲ್ಲೂ ಸಿಗುತ್ತವೆ, ಅದೂ ಪುಕ್ಕಟೆ. ಹೆಕ್ಸ್ (16ರ ಲೆಕ್ಕದ) ಸಂಖ್ಯೆಗಳಲ್ಲಿ ಬರುವ ಅಕ್ಷರಗಳನ್ನು ಕನ್ನಡದಲ್ಲೇ ಬರೆದಿದ್ದೇನೆ: 3ಡಿ4, 2ಬಿಸಿ ಎಂಬ ಹಾಗೆ. 'ಹೆಕ್ಸ್' ಎಂದು ಹೇಳದೆ ಬಿಟ್ಟ ಕಡೆ ಅದು ಸಾಮಾನ್ಯ ದಶಮಾನ ಸಂಖ್ಯೆ. ರಿಜಿಸ್ಟರ್ ಮತ್ತು ಪೋರ್ಟ್ ಸಂಖ್ಯೆಗಳು ಮಾತ್ರ ಯಾವಾಗಲೂ ಹೆಕ್ಸ್. ರಿಜಿಸ್ಟರ್ ಅಂದರೆ ಕಾರ್ಡಿನೊಳಗೆ ಬೆಲೆ ಬರೆಯುವ ಪುಟ್ಟ ಖಾನೆ, ಪೋರ್ಟ್ ಅಂದರೆ ಪ್ರೋಗ್ರಾಂ ಅದನ್ನು ಮುಟ್ಟುವ ಬಾಗಿಲು.

ಹಾರ್ಡ್‌ವೇರ್ ಕರ್ಸರ್ ಅಂದರೆ ನಿಜಕ್ಕೂ ಏನು?

ಪರದೆಯ ಮೇಲಿನ ಚಿತ್ರ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ, ಫ್ರೇಮ್‌ಬಫರಿನಲ್ಲಿ, ಇರುತ್ತದೆ. ಕಾರ್ಡು ಅದನ್ನು ಸೆಕೆಂಡಿಗೆ 60 ಸಲ ಮೇಲಿನಿಂದ ಕೆಳಕ್ಕೆ ಓದಿ ಮಾನಿಟರಿಗೆ ದಾಟಿಸುತ್ತಲೇ ಇರುತ್ತದೆ. ಹಾರ್ಡ್‌ವೇರ್ ಕರ್ಸರ್ ಈ ಫ್ರೇಮ್‌ಬಫರಿನಲ್ಲಿ ಇರುವುದೇ ಇಲ್ಲ. ಅದರ ಪುಟ್ಟ ಚಿತ್ರಕ್ಕೆ ಬೇರೆಯೇ ಜಾಗ. ಪಿಕ್ಸೆಲ್‌ಗಳು ಹೊರಬೀಳುವ ಕೊನೇ ಗಳಿಗೆಯಲ್ಲಿ ಕಾರ್ಡು ಕರ್ಸರಿನ ಎಕ್ಸ್, ವೈ ನೋಡಿಕೊಂಡು, ಆ ಜಾಗ ಬಂದಾಗ ಅದರ ಪಿಕ್ಸೆಲ್ಲನ್ನು ಬೆರೆಸಿ ಕಳಿಸುತ್ತದೆ.

ಮಾಟುಂಗಾದ ಉಡುಪಿ ಹೋಟೆಲಿನ ಟೇಬಲ್ಲಿನ ಹಾಗೆ ಇದು: ಗಾಜಿನ ಕೆಳಗೆ ಮೆನು, ಮೇಲೆ ಕಾಫಿ ಲೋಟ. ಲೋಟ ಎಲ್ಲಿಗೆ ಸರಿಸಿದರೂ ಮೆನುವಿನ ಒಂದಕ್ಷರವೂ ಅಳಿಯುವುದಿಲ್ಲ. ಕರ್ಸರ್ ಚಿತ್ರದೊಳಗೆ ಇಲ್ಲ ಎಂಬ ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದೆ ಬರುವ ವಿಚಿತ್ರಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿದವು.

ಸಾಫ್ಟ್‌ವೇರಿನಲ್ಲೇ ಬರೆದರೆ ಆಗದೇ?

ಆಗುತ್ತದೆ, ಬಹಳ ಕಾಲ ಹಾಗೆಯೇ ಆಗಿತ್ತು. ಡಾಸ್‌ನಲ್ಲಿ ಇಂಟರಪ್ಟ್ ಹೆಕ್ಸ್ 33ರ (ಪ್ರೋಗ್ರಾಂಗಳು ಮೌಸಿನ ಸೇವೆ ಕೇಳುವ ನಂಬರು) ಮೌಸ್ ಡ್ರೈವರ್ 16×16ರ ಬಾಣವೊಂದನ್ನು ಫ್ರೇಮ್‌ಬಫರಿಗೇ ಬರೆಯುತ್ತಿತ್ತು. ಬರೆಯುವ ಮುಂಚೆ ಅಡಿಯಲ್ಲಿರುವ ಪಿಕ್ಸೆಲ್‌ಗಳನ್ನು ಎತ್ತಿಟ್ಟುಕೊಳ್ಳಬೇಕು, ಸರಿಸುವಾಗ ವಾಪಸ್ ಇಡಬೇಕು, ಹೊಸ ಜಾಗದಲ್ಲಿ ಮತ್ತೆ ಎತ್ತಿಡಬೇಕು. ನಿಮ್ಮ ಪ್ರೋಗ್ರಾಂ ಬಾಣದಡಿಯಲ್ಲಿ ಒಂದು ಗೆರೆ ಎಳೆಯುವ ಮುಂಚೆ ಬಾಣವನ್ನು ಅಡಗಿಸಿ, ಆಮೇಲೆ ತೋರಿಸಬೇಕು. ಮರೆತರೆ ಪರದೆ ತುಂಬ ಬಾಣದ ಚೂರುಗಳು. ಹೀಗೆ ಅಡಗಿಸಿ ತೋರಿಸುವುದರಿಂದಲೇ ಆ ಕಾಲದ ಬಾಣಗಳು ಮಿಣಮಿಣ ಅನ್ನುತ್ತಿದ್ದವು.

ಖರ್ಚೂ ಕಡಿಮೆಯಲ್ಲ. 32 ಬಿಟ್ ಬಣ್ಣದಲ್ಲಿ 64×64ರ ಕರ್ಸರ್ ಅಂದರೆ 16 ಕೆಬಿ. ಅಷ್ಟನ್ನು ಪ್ರತಿ ಸಲವೂ ಕಾರ್ಡಿನ ಮೆಮೊರಿಯಿಂದ ಓದಬೇಕು, ಬಸ್ಸಿನಾಚೆಯಿಂದ (ಸಿಪಿಯು, ಕಾರ್ಡುಗಳ ನಡುವಿನ ದಾರಿ) ಓದುವುದೋ ಬರೆಯುವುದಕ್ಕಿಂತ ಬಹಳ ನಿಧಾನ. ಹಾರ್ಡ್‌ವೇರ್ ಕರ್ಸರಿಗೆ ನಾಲ್ಕಾರು ರಿಜಿಸ್ಟರಿಗೆ ಬರೆದರೆ ಮುಗಿಯಿತು.

ಟೆಕ್ಸ್ಟ್ ಮೋಡಿನಲ್ಲಿ ಮಿಣುಕುವ ಗೆರೆ ಕೂಡ ಹಾರ್ಡ್‌ವೇರೇ?

ಹೌದು, ಕಲಿಯಲು ಅದೇ ಒಳ್ಳೆಯ ಆರಂಭ. 1981ರ ಐಬಿಎಂ ಪಿಸಿಯ ಕಾರ್ಡುಗಳಲ್ಲಿ ಮೋಟೊರೋಲಾದ 6845 ಎಂಬ ಚಿಪ್ ಇತ್ತು. ಅದರ ಕರ್ಸರ್ ರಿಜಿಸ್ಟರ್‌ಗಳ ನಂಬರುಗಳನ್ನು ವಿಜಿಎ ಕೂಡ ಹಾಗೆಯೇ ಉಳಿಸಿಕೊಂಡಿತು. ಪೋರ್ಟ್ 3ಡಿ4ಕ್ಕೆ ರಿಜಿಸ್ಟರಿನ ನಂಬರು, 3ಡಿ5ಕ್ಕೆ ಬೆಲೆ. 0ಎ ಮತ್ತು 0ಬಿ ಕರ್ಸರಿನ ಮೇಲಂಚು ಕೆಳಂಚು. 0ಇ ಮತ್ತು 0ಎಫ್ ಅದರ ಜಾಗ.

ಜಾಗವನ್ನು ಸಾಲು, ಕಾಲಂ ಎಂದು ಕೊಡುವಂತಿಲ್ಲ, ಎಷ್ಟನೇ ಮನೆ ಎಂದು ಕೊಡಬೇಕು. 80 ಕಾಲಮ್ಮಿನ ಪರದೆಯಲ್ಲಿ, ಸೊನ್ನೆಯಿಂದ ಎಣಿಸಿ, 12ನೇ ಸಾಲು 40ನೇ ಕಾಲಂ ಬೇಕಾದರೆ 12 ಗುಣಿಲೆ 80, ಕೂಡಿಸು 40, ಅಂದರೆ 1000. ಹೆಕ್ಸ್‌ನಲ್ಲಿ ಇದು 3ಇ8. ಹಾಗಾಗಿ 0ಇಗೆ 03, 0ಎಫ್‌ಗೆ ಇ8. ಅಡಗಿಸಲು 0ಎಯ 5ನೇ ಬಿಟ್ ಏರಿಸಿ. ಮಿಣುಕುವ ವೇಗ ಬದಲಿಸಲು 6845ರಲ್ಲಿ ಬಿಟ್‌ಗಳಿದ್ದವು, ವಿಜಿಎಯಲ್ಲಿ ಇಲ್ಲ.

ಈ ಮನೆ ಎಣಿಕೆ ಕನ್ನಡಕ್ಕೆ ಒಗ್ಗುವುದಲ್ಲ. 'ಕ್ಷ್ಮಿ' ಎಷ್ಟು ಮನೆ ಹಿಡಿಯಬೇಕು? ಬೈಟಿನ ಲೆಕ್ಕ ಒಂದು, ಕಣ್ಣಿಗೆ ಕಾಣುವ ಅಗಲ ಇನ್ನೊಂದು. ಐಐಟಿ ಕಾನ್ಪುರದಲ್ಲಿ ಮೊಳೆತು ನಮ್ಮ ಪಕ್ಕದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು ಡಾಸ್‌ನ ಟೆಕ್ಸ್ಟ್ ಪ್ರೋಗ್ರಾಂಗಳಿಗೆ ಭಾರತೀಯ ಲಿಪಿಗಳನ್ನು ತಂದದ್ದು ಇಂಥ ತೊಡಕುಗಳನ್ನೆಲ್ಲ ಹಾರ್ಡ್‌ವೇರಿನಲ್ಲೇ ನಿಭಾಯಿಸಿ. ಅದರ ಕತೆ ಬರೆಯಲು ಇನ್ನೊಂದು ಪುಟವೇ ಬೇಕು.

ವಿಜಿಎಯಲ್ಲಿ ಗ್ರಾಫಿಕ್ಸ್ ಕರ್ಸರ್ ರಿಜಿಸ್ಟರ್ ಯಾವುದು?

ಇಲ್ಲ. 1987ರಲ್ಲಿ ಐಬಿಎಂ ವಿಜಿಎ ತಂದಾಗ ಮೌಸ್ ಬಾಣಕ್ಕೆಂದು ಒಂದು ರಿಜಿಸ್ಟರನ್ನೂ ಇಡಲಿಲ್ಲ. ಅದಕ್ಕೂ ಎರಡು ವರ್ಷ ಮೊದಲೇ ಬಂದ ಅಮಿಗಾ ಕಂಪ್ಯೂಟರಿನಲ್ಲಿ, ಚಿತ್ರದ ಮೇಲೆ ತೇಲುವ ಎಂಟು ಹಾರ್ಡ್‌ವೇರ್ ಸ್ಪ್ರೈಟ್‌ಗಳಿದ್ದವು, ಮೌಸ್ ಬಾಣವೇ ಅವುಗಳಲ್ಲಿ ಮೊದಲನೆಯದು. ಪಿಸಿ ಜಗತ್ತಿಗೆ ಆ ಬುದ್ಧಿ ಬಂದದ್ದು ವಿಂಡೋಸ್ ಹರಡಿದ ಮೇಲೆ, ಅದೂ ಒಂದೊಂದು ಕಂಪನಿಗೆ ಒಂದೊಂದು ಥರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎಸ್3ಯ ಕೋಡು ಸಿರಸ್‌ನಲ್ಲಿ ನಡೆಯದು, ಸಿರಸ್‌ನದು ಮ್ಯಾಟ್ರಾಕ್ಸ್‌ನಲ್ಲಿ ನಡೆಯದು.

ಆಂಡ್ ಮಾಸ್ಕ್, ಎಕ್ಸಾರ್ ಮಾಸ್ಕ್ ಎರಡೆರಡು ಯಾಕೆ?

ಈ ಕಾರ್ಡುಗಳಲ್ಲಿ ಕರ್ಸರಿನ ಚಿತ್ರ ಎರಡು ಬಿಟ್ ಪಟ್ಟಿಗಳಲ್ಲಿರುತ್ತದೆ, ಅವೇ ಈ ಮಾಸ್ಕುಗಳು. ಪ್ರತಿ ಪಿಕ್ಸೆಲ್ಲಿಗೆ ಎರಡು ಬಿಟ್. ಹಾಗಾಗಿ ನಾಲ್ಕು ಸಾಧ್ಯತೆ. ಪರದೆಯ ಬೆಲೆಗೆ ಮೊದಲು ಆಂಡ್, ಆಮೇಲೆ ಎಕ್ಸಾರ್. ಆಂಡ್ 0, ಎಕ್ಸಾರ್ 0 ಆದರೆ ಹಿನ್ನೆಲೆ ಬಣ್ಣ, ಸಾಮಾನ್ಯವಾಗಿ ಕಪ್ಪು. ಆಂಡ್ 0, ಎಕ್ಸಾರ್ 1 ಆದರೆ ಮುನ್ನೆಲೆ ಬಣ್ಣ, ಬಿಳಿ. ಆಂಡ್ 1, ಎಕ್ಸಾರ್ 0 ಆದರೆ ಪರದೆ ಇದ್ದಂತೆ ಕಾಣುತ್ತದೆ, ಅಂದರೆ ಪಾರದರ್ಶಕ. ಎರಡೂ 1 ಆದರೆ ಅಡಿಯ ಬಣ್ಣ ತಿರುಗುಮುರುಗಾಗುತ್ತದೆ.

ನಾಲ್ಕನೆಯದೇ ಮಜಾ. ಬಿಳಿ ಕಾಗದದ ಮೇಲೆ ಕಪ್ಪಾಗಿ, ಕಪ್ಪಿನ ಮೇಲೆ ಬಿಳಿಯಾಗಿ ಕಾಣುವ ವಿಂಡೋಸ್‌ನ ಟೆಕ್ಸ್ಟ್ ಕಡ್ಡಿ ಇದರಿಂದಲೇ. ಆದರೆ ನಟ್ಟನಡುವಿನ ಬೂದು ಬಣ್ಣದ ಮೇಲೆ ಅದನ್ನು ಇಟ್ಟು ನೋಡಿ: 128ನ್ನು ತಿರುಗಿಸಿದರೆ 127. ಕಡ್ಡಿ ಮಂಗಮಾಯ! ಫೋಟೋ ಎಡಿಟ್ ಮಾಡುವವರು 'ಬೂದು ಹಿನ್ನೆಲೆಯಲ್ಲಿ ಕರ್ಸರ್ ಕಾಣ್ತಿಲ್ಲ' ಎಂದು ದೂರಿದರೆ ಡ್ರೈವರಿನಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಕಳೆಯಬೇಡಿ, ಲೆಕ್ಕವೇ ಹಾಗೆ. 256 ಬಣ್ಣದ ಮೋಡಿನಲ್ಲಿ ಇನ್ನೂ ವಿಚಿತ್ರ. ಅಲ್ಲಿ ತಿರುಗುವುದು ಬಣ್ಣವಲ್ಲ, ಪ್ಯಾಲೆಟ್ಟಿನ, ಅಂದರೆ ಬಣ್ಣಗಳ ಪಟ್ಟಿಯ, ನಂಬರು. ಆ ನಂಬರಿನಲ್ಲಿ ಯಾವ ಬಣ್ಣ ಕೂತಿದೆಯೋ ಅದು ಕಾಣುತ್ತದೆ.

ಕಲಿಯಲು ಯಾವ ಕಾರ್ಡ್ ಕೊಳ್ಳಲಿ? ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತಾ?

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಹೋದರೆ ಹೊಸ ಸರಕಿನ ಅಂಗಡಿಯವರು ಪಿಸಿಐ (ಹಳೇ ಥರದ ಸ್ಲಾಟಿನ) ಕಾರ್ಡ್ ಎಂದೊಡನೆ ನಿಮ್ಮ ಮುಖ ನೋಡುತ್ತಾರೆ. ರಿಪೇರಿಯವರ ಹತ್ತಿರ, ಗುಜರಿಯವರ ಹತ್ತಿರ ಕೇಳಿ. ಎಸ್3 ಟ್ರಯೋ64 ಅಥವಾ ಸಿರಸ್ ಲಾಜಿಕ್ 5446 ಸಿಕ್ಕರೆ ಬಿಡಬೇಡಿ, ಇವೆರಡೂ ರಾಶಿ ರಾಶಿ ಮಾರಾಟವಾದ ಚಿಪ್‌ಗಳು. ಡಬ್ಬಿಯ ಹೆಸರು ನಂಬಬೇಡಿ, ಚಿಪ್ಪಿನ ಮೇಲಿನ ಬರಹ ಓದಿ: ಟ್ರಯೋ64 ಆದರೆ 86ಸಿ764 ಎಂದಿರುತ್ತದೆ. ಕಂಪನಿಯನ್ನು ಗುರುತಿಸುವ ಪಿಸಿಐ ಐಡಿ ಎಸ್3ಗೆ ಹೆಕ್ಸ್ 5333, ಸಿರಸ್‌ಗೆ ಹೆಕ್ಸ್ 1013.

ಸಮುದ್ರದ ಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಮುಂಬೈಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಾರ್ಡಿನ ಅಂಚಿನ ಹೊಂಬಣ್ಣದ ಪಟ್ಟಿಗಳು ಮಂಕಾಗಿರುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಸ್ಲಾಟಿಗೆ ಹಾಕಿ. 'ಕಾರ್ಡು ಸತ್ತಿದೆ' ಎಂದು ಎಸೆಯುವ ಮುಂಚೆ ಇಷ್ಟು ಮಾಡಿ ನೋಡಿ.

ಕಾರ್ಡೇ ಬೇಡವೆಂದರೆ ಕ್ಯೂಎಮು ಎಮ್ಯುಲೇಟರಿನಲ್ಲಿ ಸಿರಸ್ 5446 ಇದೆ. ಅದರ ಮೇಲೆ ಫ್ರೀಡಾಸ್ ಹಾಕಿಕೊಂಡರೆ ಪೋರ್ಟುಗಳಿಗೆ ನೇರವಾಗಿ ಬರೆಯಬಹುದು. ಸಮಯಕ್ಕೆ ಸಂಬಂಧಿಸಿದ ತಪ್ಪುಗಳು ಮಾತ್ರ ಅಲ್ಲಿ ಹೊರಬೀಳುವುದಿಲ್ಲ.

ಎಸ್3ಯಲ್ಲಿ ಮೊದಲಿನಿಂದ ಕೊನೆವರೆಗೆ ಹೇಗೆ?

ಮೊದಲು ಬೀಗ ತೆಗೆಯಬೇಕು. 3ಡಿ4ರ ಮೂಲಕವೇ ರಿಜಿಸ್ಟರ್ 38ಕ್ಕೆ ಹೆಕ್ಸ್ 48, 39ಕ್ಕೆ ಹೆಕ್ಸ್ ಎ5. ಇದಿಲ್ಲದೆ ಮುಂದಿನದ್ದೆಲ್ಲ ಗೋಡೆಗೆ ಹೇಳಿದ ಮಾತು.

ಚಿತ್ರ 64×64, ಪಿಕ್ಸೆಲ್ಲಿಗೆ ಎರಡು ಬಿಟ್, ಒಟ್ಟು 1024 ಬೈಟ್. ಇದನ್ನು ಕಾರ್ಡಿನ ಮೆಮೊರಿಯಲ್ಲೇ, ಪರದೆ ಮುಟ್ಟದ ಜಾಗದಲ್ಲಿ ಇಡಬೇಕು. ಕೊನೆಯ ಒಂದು ಕೆಬಿ ವಾಡಿಕೆ. ವಿಳಾಸ ಕೊಡುವುದು 1024 ಬೈಟಿನ ಲೆಕ್ಕದಲ್ಲಿ: 2 ಎಂಬಿ ಕಾರ್ಡಿನ ಕೊನೇ ತುಂಡು 2047ನೆಯದು, ಹೆಕ್ಸ್ 7ಎಫ್ಎಫ್. 4ಸಿಗೆ 07, 4ಡಿಗೆ ಎಫ್ಎಫ್.

ಎರಡು ಮಾಸ್ಕುಗಳು ಒಂದಾದ ಮೇಲೊಂದು ಇಡಿಯಾಗಿ ಬರುವುದಿಲ್ಲ. 16 ಬಿಟ್ ಆಂಡ್, 16 ಬಿಟ್ ಎಕ್ಸಾರ್, ಮತ್ತೆ 16 ಆಂಡ್, 16 ಎಕ್ಸಾರ್, ಹೀಗೆ ಹೆಣೆದುಕೊಂಡಿರುತ್ತವೆ. ಪ್ರತಿ ಸಾಲಿಗೆ 16 ಬೈಟ್. ಎಲ್ಲರೂ ಎಡವುವುದು ಇಲ್ಲೇ.

ಬಣ್ಣಕ್ಕೆ 4ಎ ಮುನ್ನೆಲೆ, 4ಬಿ ಹಿನ್ನೆಲೆ. ಇವು ಒಂದರ ಮೇಲೊಂದು ಪೇರಿಸಿದ ಬೈಟುಗಳು. ಹೈ ಕಲರ್, ಟ್ರೂ ಕಲರ್ ಮೋಡಿನಲ್ಲಿ ಒಂದೇ ರಿಜಿಸ್ಟರಿಗೆ ಮತ್ತೆ ಮತ್ತೆ ಬರೆಯಬೇಕು. ಎಷ್ಟನೇ ಬೈಟಿನಲ್ಲಿದ್ದೇವೆ ಎಂಬ ಲೆಕ್ಕ ಮೊದಲಿಗೆ ಬರಲು 45ನ್ನು ಒಮ್ಮೆ ಓದಿ. ಓದಿದ ಬೆಲೆ ಬೇಕಿಲ್ಲ, ಓದುವುದೇ ಕೆಲಸ. ಕೊನೆಗೆ 45ರ 0ನೇ ಬಿಟ್ ಏರಿಸಿದರೆ ಕರ್ಸರ್ ಹೊತ್ತಿಕೊಳ್ಳುತ್ತದೆ.

ಜಾಗಕ್ಕೆ 46, 47 ಎಕ್ಸ್; 48, 49 ವೈ. ಎಕ್ಸ್ 700 ಬೇಕಾದರೆ ಹೆಕ್ಸ್ 2ಬಿಸಿ: 46ಕ್ಕೆ 02, 47ಕ್ಕೆ ಬಿಸಿ. ಬರೆಯುವ ಕ್ರಮ ಮುಖ್ಯ: 46, 47, 49, 4ಇ, 4ಎಫ್, ಕೊನೆಗೆ 48. 48ಕ್ಕೆ ಬರೆದಾಗಲೇ ಉಳಿದವೆಲ್ಲ ಒಟ್ಟಿಗೆ ಜಾರಿಗೆ ಬರುವುದು. ಯಾಕೆಂದು ಕೆಳಗೆ ಹೇಳಿದ್ದೇನೆ.

ಬಾಣದ ಬದಲು ಚೌಕ ಕಾಣುತ್ತಿದೆ!

ಒಳ್ಳೆಯದೇ ಆಯಿತು, ಚೌಕ ಮಾತಾಡುತ್ತದೆ. ಇಡೀ 64×64 ಕಪ್ಪಾಗಿದ್ದರೆ ಮೆಮೊರಿಯಲ್ಲಿ ಬರೀ ಸೊನ್ನೆ: ಚಿತ್ರ ಬರೆದದ್ದು ಬೇರೆಲ್ಲೋ. ಇಡೀ ಚೌಕ ತಿರುಗುಬಣ್ಣವಾಗಿದ್ದರೆ ಬರೀ ಒಂದುಗಳು. ಉಪ್ಪು ಮೆಣಸು ಚೆಲ್ಲಿದಂತಿದ್ದರೆ 4ಸಿ, 4ಡಿಯ ವಿಳಾಸ ತಪ್ಪು, ಯಾರದೋ ಹಳೇ ಕಸ ಕಾಣುತ್ತಿದೆ. ಲಂಬವಾಗಿ 16 ಪಿಕ್ಸೆಲ್ ಅಗಲದ ಪಟ್ಟೆಗಳಿದ್ದರೆ ಮಾಸ್ಕುಗಳ ಹೆಣಿಗೆ ತಪ್ಪಿದೆ. ಒಳಗಿನ ಬಾಣ ಸರಿಯಿದ್ದು ಸುತ್ತಲಿನ ಜಾಗ ಮಾತ್ರ ಕೆಟ್ಟಿದ್ದರೆ 55ರ 4ನೇ ಬಿಟ್ ನೋಡಿ. ಎಸ್3ಗೆ ವಿಂಡೋಸ್ ಥರದ ಅರ್ಥವೊಂದು, ಯುನಿಕ್ಸ್ ಕಡೆಯ ಎಕ್ಸ್11 ಥರದ ಅರ್ಥವೊಂದು. ಆರಿಸುವುದು ಆ ಬಿಟ್. ಮೊದಮೊದಲು ಸರಿಯಿದ್ದು, ಕಿಟಕಿ ತೆರೆದು ಮುಚ್ಚಿದ ಮೇಲೆ ಕೆಟ್ಟರೆ ಬೇರೊಂದು ಕೋಡು ಆ ಕೊನೇ ಕೆಬಿಯನ್ನು ಫಾಂಟ್ ಇಡಲೋ ಮತ್ತೊಂದಕ್ಕೋ ಬಳಸುತ್ತಿದೆ.

ಪರೀಕ್ಷೆಗೆ ಬಾಣ ಬೇಡ, 'ಳ' ಬರೆಯಿರಿ. ಮೇಲೆಕೆಳಗಾದರೂ ಎಡಬಲವಾದರೂ ತಕ್ಷಣ ತಿಳಿಯುತ್ತದೆ. ಎಡತುದಿಯ ಪಿಕ್ಸೆಲ್ಲೇ ಬೈಟಿನ ದೊಡ್ಡ ಬಿಟ್.

ಸಿರಸ್‌ನಲ್ಲಿ ಕರ್ಸರ್ ಎಂಟೆಂಟು ಪಿಕ್ಸೆಲ್ ಹಾರುತ್ತದೆ, ಯಾಕೆ?

ಸಿರಸ್‌ನವರ ಚಮತ್ಕಾರ ಅದು. 11 ಬಿಟ್ಟಿನ ಎಕ್ಸ್ ಬೆಲೆಯಲ್ಲಿ ಮೇಲಿನ ಎಂಟನ್ನು ಡೇಟಾ ಬೈಟಿನಲ್ಲಿ, ಕೆಳಗಿನ ಮೂರನ್ನು ರಿಜಿಸ್ಟರಿನ ನಂಬರಿನ ಮೇಲ್ತುದಿಯಲ್ಲಿ ಇಡಬೇಕು! ಎಕ್ಸ್ 325 ಅನ್ನಿ: ಎಂಟರಿಂದ ಭಾಗಿಸಿದರೆ 40, ಶೇಷ 5. ನಂಬರು ಹೆಕ್ಸ್ 10ಕ್ಕೆ 5ನ್ನು ಐದು ಬಿಟ್ ಎಡಕ್ಕೆ ಸರಿಸಿ ಸೇರಿಸಿದರೆ ಬಿ0. ಪೋರ್ಟ್ 3ಸಿ4ಕ್ಕೆ ಬಿ0, 3ಸಿ5ಕ್ಕೆ 28 ಹೆಕ್ಸ್. ಬರೀ 10 ಎಂದು ಬರೆದರೆ ಶೇಷ ಯಾವಾಗಲೂ ಸೊನ್ನೆ, ಅದಕ್ಕೇ ಎಂಟರ ಹಾರಾಟ. ವೈಗೆ 11ರಲ್ಲೂ ಇದೇ ಕ್ರಮ. ಬೆಲೆಯೂ ನಂಬರೂ ಒಂದೇ ಉಸಿರಿಗೆ ಹೋಗುವುದರಿಂದ ಜಾಗ ಅರ್ಧಂಬರ್ಧ ಬದಲಾಗುವುದಿಲ್ಲ. ನೋಡಲು ಕುರೂಪ, ಬುದ್ಧಿ ಮಾತ್ರ ಚುರುಕು.

ಉಳಿದದ್ದು: ಬೀಗ ತೆಗೆಯಲು 06ಕ್ಕೆ ಹೆಕ್ಸ್ 12. 12ನೇ ರಿಜಿಸ್ಟರಿನ 0ನೇ ಬಿಟ್ ಹೊತ್ತಿಸಲು, 2ನೇ ಬಿಟ್ 64×64ಕ್ಕೆ, ಇಲ್ಲದಿದ್ದರೆ 32×32. 1ನೇ ಬಿಟ್ ಏರಿಸಿದಾಗ ಪ್ಯಾಲೆಟ್ಟಿನ ಹಿಂದೆ ಅಡಗಿದ 0 ಮತ್ತು 15ನೇ ಮನೆಗಳು ತೆರೆಯುತ್ತವೆ, ಕರ್ಸರಿನ ಎರಡು ಬಣ್ಣ ಅಲ್ಲಿರುತ್ತವೆ. ಚಿತ್ರದ ಜಾಗ ಮೆಮೊರಿಯ ಕೊನೇ 16 ಕೆಬಿ, ಅದರಲ್ಲಿ ಎಷ್ಟನೆಯದು ಎಂದು 13ನೇ ರಿಜಿಸ್ಟರ್. ಇಲ್ಲಿ ಎರಡೂ ಬಿಟ್ ಸೊನ್ನೆಯಾದರೆ ಪಾರದರ್ಶಕ, ಎಸ್3ಯ ಅಭ್ಯಾಸ ಇಲ್ಲಿ ತರಬೇಡಿ.

ಮ್ಯಾಟ್ರಾಕ್ಸ್‌ನಲ್ಲಿ 0, 0 ಕೊಟ್ಟರೆ ಕರ್ಸರ್ ಕಾಣುವುದೇ ಇಲ್ಲ.

1995ರ ಮ್ಯಾಟ್ರಾಕ್ಸ್ ಮಿಲೇನಿಯಂನಲ್ಲಿ ಕರ್ಸರ್ ಇರುವುದು ಮುಖ್ಯ ಚಿಪ್ಪಿನಲ್ಲಲ್ಲ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 3026 ಎಂಬ, ಬಣ್ಣವನ್ನು ಮಾನಿಟರಿನ ಸಿಗ್ನಲ್ಲಾಗಿಸುವ, ರ‍್ಯಾಮ್‌ಡ್ಯಾಕ್‌ನಲ್ಲಿ. ಚಿತ್ರಕ್ಕೆ ಅದರೊಳಗೇ ಮೆಮೊರಿ. ಬ್ರೂಕ್‌ಟ್ರೀ 485 ಕೂಡ ಇದೇ ಜಾತಿ. ಇವು ಜಾಗವನ್ನು 64 ಸೇರಿಸಿ ಕೇಳುತ್ತವೆ: ಪರದೆಯ ಮೂಲೆ ಅಂದರೆ 64, 64. ಹಾಗಾಗಿ 0, 0 ಅಂದರೆ ಪೂರ್ತಿ ಹೊರಗೆ. ಇದರಿಂದ ಎಡಕ್ಕೂ ಮೇಲಕ್ಕೂ ಅರ್ಧ ಹೊರಗಿರುವ ಕರ್ಸರಿಗೆ ಋಣ ಸಂಖ್ಯೆಯ ಗೊಡವೆಯೇ ಇಲ್ಲ.

ಎಡ ಅಂಚಿಗೆ ಹೋದಾಗ ಕರ್ಸರ್ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಬಲಗಡೆ ಹಾರುತ್ತದೆ.

ಕಾರ್ಡಿಗೆ ಗೊತ್ತಿರುವುದು ಚಿತ್ರದ ಎಡಮೇಲಿನ ಮೂಲೆ ಮಾತ್ರ. ಬಾಣದ ತುದಿ, ಕೂಡುಗುರುತಿನ ನಡುಮಧ್ಯ, ಅಂದರೆ ಹಾಟ್‌ಸ್ಪಾಟ್, ಡ್ರೈವರಿನ ತಲೆನೋವು. ಹಾಟ್‌ಸ್ಪಾಟ್ 16, 16ರಲ್ಲಿರುವ ಕೂಡುಗುರುತು 5, 5ಕ್ಕೆ ಬಂದಾಗ ಮೂಲೆ ಋಣ 11, ಋಣ 11 ಆಗಬೇಕು. ಈ ಋಣದಲ್ಲೇ ಕಾರ್ಡುಗಳು ಬೇರೆ ಬೇರೆ ದಾರಿ ಹಿಡಿಯುವುದು.

ಎಸ್3ಯಲ್ಲಿ ಜಾಗವನ್ನು 0 ಮಾಡಿ, ಚಿತ್ರದ 11ನೇ ಪಿಕ್ಸೆಲ್ಲಿನಿಂದ ತೋರಿಸು ಎಂದು 4ಇ, 4ಎಫ್‌ನಲ್ಲಿ ಹೇಳಬೇಕು. ಒಳಗೆ ಬಂದ ಮೇಲೆ ಅವನ್ನು ಸೊನ್ನೆಗೆ ತರುವುದು ಮರೆತರೆ ಬಾಣದ ತಲೆ ಕಡಿದೇ ಇರುತ್ತದೆ. ಸಿರಸ್‌ನಲ್ಲಿ ಆ ಸೌಲಭ್ಯವಿಲ್ಲ, ಸರಿಸಿದ ಚಿತ್ರವನ್ನೇ ಹೊಸದಾಗಿ ತುಂಬಬೇಕು.

ಇಂಟೆಲ್‌ನ ಚಿಪ್‌ಗಳಲ್ಲಿ ಋಣ ಸಂಖ್ಯೆ ನಡೆಯುತ್ತದೆ, ಆದರೆ ಚಿಹ್ನೆಗೆ ಬೇರೆ ಬಿಟ್. ಎಕ್ಸ್ ಋಣ 5 ಆದರೆ ಹೆಕ್ಸ್ 8005. ಸಿ ಭಾಷೆಯ ಋಣ 5ನ್ನು ಹಾಗೆಯೇ ತಳ್ಳಿದರೆ ಎಫ್ಎಫ್ಎಫ್‌ಬಿ ಹೋಗುತ್ತದೆ, ಕರ್ಸರ್ ಎಲ್ಲೋ ಎಡಕ್ಕೆ ದೂರ ಹೋಗಿ ಕೂರುತ್ತದೆ.

ಸರಿಸುವಾಗ ಒಮ್ಮೊಮ್ಮೆ ಒಂದೇ ಕ್ಷಣ ಬೇರೆಲ್ಲೋ ಮಿಂಚುತ್ತದೆ.

ಎಕ್ಸ್ 255ರಿಂದ 256ಕ್ಕೆ ಹೋಗುತ್ತಿದೆ ಅನ್ನಿ. ಹೆಕ್ಸ್‌ನಲ್ಲಿ 00ಎಫ್ಎಫ್‌ನಿಂದ 0100ಕ್ಕೆ. ನೀವು ಮೇಲಿನ ಬೈಟ್ ಬರೆದಿರಿ, ಕೆಳಗಿನದು ಬರೆಯುವಷ್ಟರಲ್ಲಿ ಕಾರ್ಡು ಹೊಸ ಫ್ರೇಮ್ ಶುರುಮಾಡಿತು. ಆ ಗಳಿಗೆಯಲ್ಲಿ ರಿಜಿಸ್ಟರಿನಲ್ಲಿರುವುದು 01ಎಫ್ಎಫ್, ಅಂದರೆ 511. ಒಂದು ಫ್ರೇಮ್ ಪೂರ್ತಿ, ಸುಮಾರು 16.7 ಮಿಲಿಸೆಕೆಂಡು, ಕರ್ಸರ್ 255 ಪಿಕ್ಸೆಲ್ ಆಚೆ ಕಾಣುತ್ತದೆ. ಎಸ್3ಯಲ್ಲಿ 48 ಕೊನೆಗೇ ಬರಬೇಕು ಎಂದದ್ದು ಇದಕ್ಕೆ. ಅಂಥ ಏರ್ಪಾಡಿಲ್ಲದ ಕಾರ್ಡಿನಲ್ಲಿ ಪೋರ್ಟ್ 3ಡಿಎಯ 3ನೇ ಬಿಟ್ ನೋಡಿ, ವರ್ಟಿಕಲ್ ರಿಟ್ರೇಸ್ (ಒಂದು ಫ್ರೇಮ್ ಮುಗಿದು ಮುಂದಿನದು ಶುರುವಾಗುವ ನಡುವಿನ ಬಿಡುವು) ಇರುವಾಗ ಬರೆಯಬೇಕು. ಇಂಟೆಲ್‌ನಲ್ಲಿ ಜಾರಿಗೆ ತರುವುದು ಚಿತ್ರದ ವಿಳಾಸದ ರಿಜಿಸ್ಟರಿಗೆ ಬರೆಯುವುದು. ಜಾಗ ಬದಲಿಸಿ ಅದನ್ನು ಮುಟ್ಟದಿದ್ದರೆ ಏನೂ ಆಗದು.

ಇನ್ನೊಂದು ಕಳ್ಳ ಇದ್ದಾನೆ. ನೀವು 3ಡಿ4ಕ್ಕೆ ನಂಬರು ಬರೆದು 3ಡಿ5ಕ್ಕೆ ಬೆಲೆ ಬರೆಯುವ ನಡುವೆ ಮೌಸ್ ಇಂಟರಪ್ಟ್ (ನಡೆಯುವ ಕೆಲಸ ತಡೆದು ಮೌಸಿನ ಕೋಡು ಓಡಿಸುವ ಸಂಕೇತ) ಬಂತು, ಅದೂ 3ಡಿ4ನ್ನು ಮುಟ್ಟಿತು. ವಾಪಸ್ ಬಂದು ನೀವು ಬರೆಯುವ ಬೆಲೆ ಬೇರಾವುದೋ ರಿಜಿಸ್ಟರಿಗೆ ಹೋಗುತ್ತದೆ. ಇಂಟರಪ್ಟ್ ತಡೆದು ಬರೆಯಿರಿ, ಇಲ್ಲವೇ ನಂಬರು ಬೆಲೆ ಎರಡನ್ನೂ ಒಂದೇ 16 ಬಿಟ್ ಔಟ್‌ನಲ್ಲಿ ಕಳಿಸಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ತಪ್ಪು ಬರೆದರೆ ಮಾನಿಟರ್ ಸುಟ್ಟುಹೋಗುತ್ತದೆಯೇ?

ಕರ್ಸರ್ ರಿಜಿಸ್ಟರ್‌ಗಳಿಂದ ಇಲ್ಲ. ಆದರೆ 3ಡಿ4 ಪೋರ್ಟಿನ 00ರಿಂದ 07ರ ಆಸುಪಾಸು ಸಮಯದ ರಿಜಿಸ್ಟರ್‌ಗಳು. ರಕ್ಷಣೆಯಿಲ್ಲದ ಹಳೇ ಸಿಆರ್‌ಟಿಗೆ ಅವು ಅಪಾಯ. ಎಲ್‌ಸಿಡಿ ಬರೀ 'ಔಟ್ ಆಫ್ ರೇಂಜ್' ಎಂದು ಗೊಣಗುತ್ತದೆ.

ಈಗಿನ ಲಿನಕ್ಸ್‌ನಲ್ಲಿ ಹೇಗೆ? ರಿಜಿಸ್ಟರ್ ಮುಟ್ಟಬೇಕೇ?

ಬೇಡ, ಕರ್ನಲ್‌ನ ಡಿಆರ್‌ಎಂ ಎಂಬ ಗ್ರಾಫಿಕ್ಸ್ ಭಾಗ ಅದನ್ನೆಲ್ಲ ನೋಡಿಕೊಳ್ಳುತ್ತದೆ. ಒಂದು ಡಂಬ್ ಬಫರ್ (ಸಿಪಿಯು ನೇರ ಬರೆಯಬಲ್ಲ ಸರಳ ಚಿತ್ರ ಮೆಮೊರಿ) ಮಾಡಿ, 64×64, 32 ಬಿಟ್, ಒಟ್ಟು 16384 ಬೈಟ್. ಎಂಮ್ಯಾಪ್ ಮಾಡಿ (ನಿಮ್ಮ ಪ್ರೋಗ್ರಾಂಗೆ ಕಾಣುವಂತೆ ಜೋಡಿಸಿ) ಚಿತ್ರ ತುಂಬಿ. ಡಿಆರ್‌ಎಂ ಮೋಡ್ ಸೆಟ್ ಕರ್ಸರ್ ಎಂಬ ಕರೆಗೆ ಆ ಬಫರಿನ ಹ್ಯಾಂಡಲ್ (ಗುರುತಿನ ನಂಬರು) ಕೊಡಿ, ಡಿಆರ್‌ಎಂ ಮೋಡ್ ಮೂವ್ ಕರ್ಸರ್‌ಗೆ ಎಕ್ಸ್, ವೈ. ಹ್ಯಾಂಡಲ್ 0 ಕೊಟ್ಟರೆ ಕರ್ಸರ್ ಮಾಯ. ಡೆಸ್ಕ್‌ಟಾಪ್ ನಡೆಯುತ್ತಿರುವಾಗ ಕಾರ್ಡಿನ ಯಜಮಾನಿಕೆ ಅದರದ್ದು, ನಿಮಗೆ ಅನುಮತಿ ಸಿಗದು. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಟೆಕ್ಸ್ಟ್ ಕನ್ಸೋಲಿಗೆ ಹೋಗಿ ಓಡಿಸಿ.

ಬಣ್ಣದ ಬೆಲೆಗಳನ್ನು ಆಲ್ಫಾದಿಂದ (ಪಿಕ್ಸೆಲ್ ಎಷ್ಟು ಗಟ್ಟಿ, ಎಷ್ಟು ಪಾರದರ್ಶಕ ಎಂಬ ಬೆಲೆ) ಮೊದಲೇ ಗುಣಿಸಿರಬೇಕು. ಅರ್ಧ ಪಾರದರ್ಶಕ ಕೆಂಪು ಅಂದರೆ ಆಲ್ಫಾ 128, ಕೆಂಪು 128. ಕೆಂಪು 255 ಅಲ್ಲ. ಗುಣಿಸದೆ ತುಂಬಿದರೆ ನೆರಳಿನ ಅಂಚಿನಲ್ಲಿ ಬೆಳ್ಳಗಿನ ಪ್ರಭಾವಳಿ ಮೂಡುತ್ತದೆ. 'ಫೋಟೋಶಾಪಿನಲ್ಲಿ ಚೆನ್ನಾಗಿತ್ತಲ್ಲ' ಎನ್ನುವವರ ಸಮಸ್ಯೆ ಬಹುತೇಕ ಇದೇ.

ಅಳತೆಯಲ್ಲಿ ನಿಮ್ಮಿಷ್ಟ ನಡೆಯದು. 32×32 ಕೇಳಿದರೆ ಇಂಟೆಲ್ ಡ್ರೈವರ್ ಒಪ್ಪದು. ಚಿಕ್ಕ ಚಿತ್ರವನ್ನು 64×64ರ ಮೂಲೆಯಲ್ಲಿಟ್ಟು ಉಳಿದದ್ದನ್ನು ಪಾರದರ್ಶಕ ಮಾಡಿ. ದೊಡ್ಡದು ಬೇಕಾದರೆ ಕರ್ಸರ್ ವಿಡ್ತ್, ಹೈಟ್ ಎಂಬ ಕ್ಯಾಪಬಿಲಿಟಿಗಳನ್ನು ಕೇಳಿ ತಿಳಿಯಿರಿ. ಇಂಟೆಲ್‌ನಲ್ಲಿ 256ರವರೆಗೆ ಹೋಗುತ್ತದೆ, ಎನ್‌ವಿಡಿಯಾದಲ್ಲಿ ಕೆಪ್ಲರ್‌ನಿಂದೀಚೆಗೆ 256. 4ಕೆ ಪರದೆಯಲ್ಲಿ 64 ತೀರಾ ಪುಟಾಣಿ.

ಎಎಂಡಿಯ ಹೊಸ ಚಿಪ್‌ಗಳಲ್ಲಿ ಕರ್ಸರಿಗೆಂದು ಸ್ವತಂತ್ರ ಪ್ಲೇನ್ (ಚಿತ್ರದ ಪದರ) ಇಲ್ಲ; ಅಡಿಯಲ್ಲಿರುವ ಪ್ಲೇನಿಗೇ ಅಂಟಿಕೊಂಡಿರುತ್ತದೆ, ಅದನ್ನು ಹಿಗ್ಗಿಸಿದರೆ ಇದೂ ಹಿಗ್ಗುತ್ತದೆ. ವಿಡಿಯೋ ಬೇರೆ ಪ್ಲೇನಿನಲ್ಲಿ ಓಡುವಾಗ ಇದು ನೆನಪಿರಲಿ.

ಸ್ಕ್ರೀನ್‌ಶಾಟಿನಲ್ಲಿ ಕರ್ಸರ್ ಯಾಕೆ ಬರುವುದಿಲ್ಲ? ನೈಟ್ ಲೈಟ್ ಹಾಕಿದರೂ ಬಾಣ ಬೆಳ್ಳಗೇ ಯಾಕೆ?

ಎರಡಕ್ಕೂ ಕಾರಣ ಒಂದೇ. ಸ್ಕ್ರೀನ್‌ಶಾಟ್ ಅಂದರೆ ಫ್ರೇಮ್‌ಬಫರಿನ ನಕಲು, ಕರ್ಸರ್ ಅದರಲ್ಲಿಲ್ಲ. ಕರ್ಸರ್ ಬೇಕೆಂದರೆ ಸಾಫ್ಟ್‌ವೇರ್ ಅದನ್ನು ಬೇರೆ ತಂದು ಅಂಟಿಸಬೇಕು. ವಿಂಡೋಸ್‌ನ ಡೆಸ್ಕ್‌ಟಾಪ್ ಡೂಪ್ಲಿಕೇಶನ್ ಬಾಣದ ಆಕಾರವನ್ನು ಪ್ರತ್ಯೇಕವಾಗಿಯೇ ಕೊಡುತ್ತದೆ. ಲಿನಕ್ಸ್‌ನ ಸ್ಕ್ರೀನ್‌ಕಾಸ್ಟ್ ಪೋರ್ಟಲ್ಲು ಅಡಗಿಸಲೇ, ಬೆರೆಸಲೇ, ಮಾಹಿತಿಯಾಗಿ ಕೊಡಲೇ ಎಂದು ಮೂರು ಆಯ್ಕೆ ಇಡುತ್ತದೆ. ನೈಟ್ ಲೈಟಿನ ಬಣ್ಣ ಬದಲಾವಣೆ ಕರ್ಸರ್ ಬೆರೆಯುವ ಮೊದಲೇ ನಡೆದುಹೋದರೆ ಬಾಣ ಅದರಿಂದ ಪಾರು.

ಕಂಪ್ಯೂಟರ್ ನಿಂತುಹೋಗಿದೆ, ಆದರೆ ಬಾಣ ಮಾತ್ರ ಓಡಾಡುತ್ತದೆ!

ಚಿತ್ರ ಬರೆಯುವ ಎಂಜಿನ್ ಸತ್ತಿರಬಹುದು, ಇಲ್ಲವೇ ಚಿತ್ರ ಬರೆಸುವ ಪ್ರೋಗ್ರಾಂ ತಡವರಿಸುತ್ತಿರಬಹುದು. ಬಾಣ ಸರಿಸಲು ಅವೆರಡೂ ಬೇಕಿಲ್ಲ, ಮೌಸ್ ಓದಿ ರಿಜಿಸ್ಟರಿಗೆ ಬರೆಯುವವರೊಬ್ಬರು ಜೀವಂತವಿದ್ದರೆ ಸಾಕು. ರೋಗ ಹುಡುಕುವವರಿಗೆ ಇದು ಒಳ್ಳೆಯ ಸುಳಿವು: ಬಾಣವೂ ನಿಂತಿದ್ದರೆ ಕರ್ನಲ್ ಕಡೆ ನೋಡಿ, ಬಾಣ ಓಡುತ್ತಿದ್ದರೆ ಜಿಪಿಯು ಅಥವಾ ಕಂಪೋಸಿಟರ್ (ಕಿಟಕಿಗಳನ್ನು ಜೋಡಿಸಿ ಪರದೆ ಬರೆಸುವ ಪ್ರೋಗ್ರಾಂ) ಕಡೆ.

ವರ್ಚುಯಲ್ ಮಷೀನಿನಲ್ಲಿ ಎರಡೆರಡು ಬಾಣ ಕಾಣುತ್ತವೆ.

ಒಂದು ಹೋಸ್ಟಿನದು, ಅಂದರೆ ಹೊರಗಿನ ಅಸಲಿ ಕಂಪ್ಯೂಟರಿನದು, ಇನ್ನೊಂದು ಒಳಗಿನದು. ವರ್ಟಿಯೋ ಜಿಪಿಯು ಎಂಬ ವರ್ಚುಯಲ್ ಕಾರ್ಡಿನಲ್ಲಿ ಕರ್ಸರಿಗೆಂದೇ ಬೇರೆ ಕ್ಯೂ ಇದೆ. ಒಳಗಿನ ಡ್ರೈವರ್ ಚಿತ್ರ, ಹಾಟ್‌ಸ್ಪಾಟ್ ಎರಡನ್ನೂ ಅದರಲ್ಲಿ ಹೊರಗೆ ಕಳಿಸುತ್ತದೆ, ಹೋಸ್ಟಿನ ಬಾಣವೇ ಆ ವೇಷ ಹಾಕುತ್ತದೆ. ಮೌಸನ್ನು ಯುಎಸ್‌ಬಿ ಟ್ಯಾಬ್ಲೆಟ್ ಆಗಿ ಕೊಡಿ. ಆಗ ಜಾಗ ನೇರ ಸಿಗುತ್ತದೆ, ಪಿಎಸ್2 ಮೌಸಿನಂತೆ ಬರೀ 'ಇಷ್ಟು ಸರಿದೆ' ಎಂಬ ಲೆಕ್ಕವಲ್ಲ. ಹಾಟ್‌ಸ್ಪಾಟ್ ಕಳಿಸದ ಡ್ರೈವರಾದರೆ ಕೂಡುಗುರುತು ಒಂದು ಕಡೆ, ಕ್ಲಿಕ್ ಇನ್ನೊಂದು ಕಡೆ.

ಬೇಕೆಂದೇ ಸಾಫ್ಟ್‌ವೇರ್ ಕರ್ಸರ್ ಬಳಸುವ ಸಂದರ್ಭ ಉಂಟೇ?

ಉಂಟು. ಪರದೆ ತಿರುಗಿಸಿದ್ದೀರಿ, ಡ್ರೈವರಿಗೆ ಚಿತ್ರ ತಿರುಗಿಸಲು ಬರುವುದಿಲ್ಲ. ಕರ್ಸರ್ ಅಳತೆ ಕಾರ್ಡಿನ ಮಿತಿ ಮೀರಿದೆ. ಇಲ್ಲವೇ ಡ್ರೈವರೇ ಹರಕು. ಎಕ್ಸಾರ್ಗ್ (ಲಿನಕ್ಸ್‌ನಲ್ಲಿ ಪರದೆ ನೋಡಿಕೊಳ್ಳುವ ಪ್ರೋಗ್ರಾಂ) ಸಂರಚನೆಯ ಎಸ್‌ಡಬ್ಲ್ಯೂ ಕರ್ಸರ್ ಆಯ್ಕೆಯನ್ನು ಆನ್ ಮಾಡಿ ನೋಡಿ. ತೊಂದರೆ ಹೋದರೆ ತಪ್ಪು ಕರ್ಸರ್ ಪ್ಲೇನಿನದು, ಉಳಿದರೆ ಬೇರೆಡೆ ಹುಡುಕಿ. ಕರ್ಸರ್ ಕಾಣುವಂತೆ ಪಾಠದ ವಿಡಿಯೋ ಮಾಡುವಾಗಲೂ ಕೆಲವರು ಇದನ್ನೇ ಇಟ್ಟುಕೊಳ್ಳುತ್ತಾರೆ. ಬಾಣ ಒಂಚೂರು ಎಳೆದಾಡಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ.